ಮನೆಯಿಂದ ಕೆಲಸ ಮಾಡುತ್ತಾ ವಿದೇಶಕ್ಕೆ ಹೋಗಿ ನೆಲೆಸಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಾಗರದವಳು. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. 2023ರಲ್ಲಿ ಮೊದಲು ಮಲೇಷ್ಯಾದ ಪೆನಾಂಗ್‌ನಲ್ಲಿ ಎರಡು ತಿಂಗಳು ಇದ್ದೆ. ಆಮೇಲೆ ಗಂಡನ ಜೊತೆ ಪೋರ್ಚುಗಲ್‌ನ ಬ್ರಾಗಾ ಊರಿನಲ್ಲಿ ಹದಿನಾಲ್ಕು ತಿಂಗಳು ಇದ್ದು ವಾಪಸ್ ಬಂದೆ. ಅಂದಿನಿಂದ ನೆಂಟರ ಮಕ್ಕಳು, ಹಳೆಯ ಸಹೋದ್ಯೋಗಿಗಳು, ಗೆಳತಿಯರ ತಮ್ಮಂದಿರು ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ಅರ್ಧರ್ಧ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಕೆಲಸ ಹೇಗೂ ಲ್ಯಾಪ್‌ಟಾಪ್‌ನಲ್ಲಿದೆ. ಯಾವ ದೇಶದಲ್ಲಿ ಕೂತು ಮಾಡಿದರೇನು?

ನಾನೂ ಹೀಗೇ ಅಂದುಕೊಂಡಿದ್ದೆ. ಕೆಲಸ ಲ್ಯಾಪ್‌ಟಾಪ್‌ನಲ್ಲಿದೆ, ನಿಜ. ಆದರೆ ವೀಸಾ, ತೆರಿಗೆ, ವಿಮೆ, ಬ್ಯಾಂಕ್ ಖಾತೆ ಎಲ್ಲವೂ ನೀವು ಕೂತಿರುವ ಜಾಗಕ್ಕೆ ಅಂಟಿಕೊಂಡಿರುತ್ತವೆ. ಸಂಬಳ ಬೆಂಗಳೂರಿನಿಂದ ಬರಲಿ, ನ್ಯೂಯಾರ್ಕ್‌ನಿಂದ ಬರಲಿ, ನೀವು ಯಾವ ನೆಲದಲ್ಲಿ ಕೂತು ಕೆಲಸ ಮಾಡಿದಿರಿ ಎಂಬುದನ್ನೇ ಆ ದೇಶದ ಕಾನೂನು ಮೊದಲು ನೋಡುತ್ತದೆ. ಇದೊಂದು ಮನಸ್ಸಿಗೆ ಬಂದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಸಿಗುತ್ತದೆ.

ಕಂಪನಿಗೆ ಹೇಳಲೇಬೇಕಾ? ಮ್ಯಾನೇಜರ್ ಬಾಯಿಮಾತಿನಲ್ಲಿ ಒಪ್ಪಿದ್ದಾರೆ.

ಹೇಳಲೇಬೇಕು. ಬರವಣಿಗೆಯಲ್ಲಿ ಒಪ್ಪಿಗೆಯನ್ನೂ ಪಡೆಯಬೇಕು. ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಯಾಕೆಂದರೆ ನಾನು ಎಡವಿದ್ದು ಇಲ್ಲೇ.

ಆಗ ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿದ್ದೆ. ಎರಡು ವರ್ಷದಿಂದ ಮನೆಯಿಂದಲೇ ಕೆಲಸ. ಮ್ಯಾನೇಜರ್ ಬಳಿ ಕೇಳಿದಾಗ "ಕೆಲಸ ನಿಲ್ಲದಿದ್ದರೆ ಸಾಕು, ಹೋಗಿ ಬನ್ನಿ" ಎಂದರು. ದೂರದಿಂದ ಕೆಲಸ ಮಾಡುವವರಿಗೆಂದೇ ಮಲೇಷ್ಯಾ ಕೊಡುವ ಡಿಇ ರಂತಾವ್ ಪಾಸ್ ಮಾಡಿಸಿಕೊಂಡು ಹೋದೆ. ವೀಸಾ ಸರಿಯಾಗಿಯೇ ಇತ್ತು. ಎರಡು ತಿಂಗಳಾಗುವ ಹೊತ್ತಿಗೆ ಒಂದು ಸೋಮವಾರ ಬೆಳಿಗ್ಗೆ ಕಂಪನಿಯ ಜಾಲಕ್ಕೆ ಹೋಗುವ ವಿಪಿಎನ್ ತೆರೆಯಲಿಲ್ಲ. ವಿಚಾರಿಸಿದರೆ, ನಮ್ಮ ತಂಡ ಕೆಲಸ ಮಾಡುತ್ತಿದ್ದ ಗ್ರಾಹಕರ ಒಪ್ಪಂದದಲ್ಲಿ ಮಾಹಿತಿಯನ್ನು ಭಾರತದ ಹೊರಗಿನಿಂದ ತೆರೆಯಬಾರದು ಎಂದಿತ್ತಂತೆ. ಮ್ಯಾನೇಜರ್‌ಗೂ ಗೊತ್ತಿರಲಿಲ್ಲ. ಮೂರು ವಾರ ಸಂಬಳವಿಲ್ಲದ ರಜೆ ಹಾಕಿದೆ. ಕೊನೆಗೆ ಕಟ್ಟಿದ್ದ ಬಾಡಿಗೆ ಬಿಟ್ಟು ವಾಪಸ್ ಬಂದೆ.

ಕಂಪನಿಗಳು ಹಿಂಜರಿಯುವುದಕ್ಕೆ ಇನ್ನೊಂದು ಕಾರಣವೂ ಇದೆ. ನೀವು ಒಂದು ದೇಶದಲ್ಲಿ ತಿಂಗಳುಗಟ್ಟಲೆ ಕೂತು ಕೆಲಸ ಮಾಡಿದರೆ, ನಿಮ್ಮ ಕಂಪನಿಗೆ ಇಲ್ಲೊಂದು ಶಾಖೆ ಇದ್ದ ಹಾಗಾಯಿತು, ಲಾಭದಲ್ಲಿ ನಮಗೂ ತೆರಿಗೆ ಬರಬೇಕು ಎಂದು ಅಲ್ಲಿನ ತೆರಿಗೆ ಇಲಾಖೆ ವಾದಿಸಬಹುದು. ಮಾರಾಟ ಮಾಡುವವರು, ಒಪ್ಪಂದಕ್ಕೆ ಸಹಿ ಹಾಕುವವರು ಹೋದರೆ ಈ ಅಪಾಯ ಜಾಸ್ತಿ. ಜೊತೆಗೆ ಅಲ್ಲಿನ ಕಾರ್ಮಿಕ ಕಾನೂನು, ಅಲ್ಲಿನ ಪಿಎಫ್ ಥರದ ವಂತಿಗೆ ಇವೂ ಕಂಪನಿಯ ತಲೆಗೆ ಬರಬಹುದು. ಹಾಗಾಗಿ ತುಂಬಾ ಕಂಪನಿಗಳು ವರ್ಷಕ್ಕೆ ಕೆಲವೇ ವಾರ ಹೊರಗಿನಿಂದ ಕೆಲಸ ಮಾಡಲು ಬಿಡುತ್ತವೆ.

ಎಚ್‌ಆರ್‌ಗೆ ಮೇಲ್ ಬರೆಯುವಾಗ ದೇಶ, ತಿಂಗಳು, ವೀಸಾದ ಹೆಸರು ಮೂರನ್ನೂ ಬರೆಯಿರಿ. ನನ್ನ ಪ್ರಾಜೆಕ್ಟ್‌ನ ಗ್ರಾಹಕರ ಒಪ್ಪಂದದಲ್ಲಿ ದೇಶದ ಷರತ್ತು ಇದೆಯೇ ಎಂದು ನೇರವಾಗಿ ಕೇಳಿ. ಉತ್ತರ ಬರುವವರೆಗೆ ಟಿಕೆಟ್ ಮಾಡಬೇಡಿ.

ಟೂರಿಸ್ಟ್ ವೀಸಾದಲ್ಲಿ ಹೋಗಿ ಸುಮ್ನೆ ಕೆಲಸ ಮಾಡಿದರೆ ಯಾರಿಗೆ ಗೊತ್ತಾಗುತ್ತದೆ?

ಬಹುಪಾಲು ಸಲ ಗೊತ್ತಾಗುವುದಿಲ್ಲ. ಗೊತ್ತಾದ ದಿನ ಗಡೀಪಾರು, ಮತ್ತೆ ಆ ದೇಶಕ್ಕೆ ಬರದ ಹಾಗೆ ನಿಷೇಧ. ಮುಂದೆ ಬೇರೆ ದೇಶದ ವೀಸಾ ಅರ್ಜಿಯಲ್ಲಿ "ಎಂದಾದರೂ ಗಡೀಪಾರಾಗಿದ್ದೀರಾ" ಎಂಬ ಪ್ರಶ್ನೆಗೆ ಹೌದು ಎಂದು ಬರೆಯಬೇಕಾಗುತ್ತದೆ. ಭಾರತದ ಪಾಸ್‌ಪೋರ್ಟ್‌ಗೆ ಮೊದಲೇ ಬಾಗಿಲುಗಳು ಕಡಿಮೆ. ಇರುವುದನ್ನು ಕೆಡಿಸಿಕೊಳ್ಳಬೇಡಿ. ಟೂರಿಸ್ಟ್ ಆಗಿ ಹೋಗುವುದಾದರೆ ಊರು ನೋಡಲು, ಬಾಡಿಗೆ ಮನೆಗಳ ಅಂದಾಜು ಮಾಡಲು ಹೋಗಿ. ರಜೆ ಹಾಕಿಯೇ ಹೋಗಿ.

ಹಾಗಾದರೆ ಇದಕ್ಕೆಂದೇ ವೀಸಾ ಕೊಡುವ ದೇಶಗಳು ಯಾವುವು?

ಕೊರೊನಾ ಬಂದ ಮೇಲೆ ಇಂಥ ವೀಸಾಗಳು ಹೆಚ್ಚಿದವು. ಎಸ್ಟೋನಿಯಾ 2020ರ ಆಗಸ್ಟ್‌ನಲ್ಲೇ ಶುರು ಮಾಡಿತು. ನಮ್ಮವರು ಹೆಚ್ಚಾಗಿ ಯೋಚಿಸುವ ದೇಶಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಹತ್ತಿರದ್ದೆಂದರೆ ಥಾಯ್ಲೆಂಡ್ ಮತ್ತು ಮಲೇಷ್ಯಾ. ಥಾಯ್ಲೆಂಡ್ 2024ರ ಜುಲೈನಲ್ಲಿ ಡಿಟಿವಿ ಎಂಬ ವೀಸಾ ತಂದಿತು. ಐದು ವರ್ಷದ ವೀಸಾ, ಒಂದು ಸಲ ಹೋದರೆ 180 ದಿನ ಇರಬಹುದು. ಬ್ಯಾಂಕಿನಲ್ಲಿ 5 ಲಕ್ಷ ಬಾತ್ ಇದೆ ಎಂದು ತೋರಿಸಬೇಕು. ಮಲೇಷ್ಯಾದ ಡಿಇ ರಂತಾವ್ 2022ರ ಅಕ್ಟೋಬರ್‌ನಲ್ಲಿ ಬಂತು. ಐಟಿ ಕೆಲಸದವರಿಗೆ ವರ್ಷಕ್ಕೆ 24,000 ಡಾಲರ್ ಆದಾಯ ಇರಬೇಕು. ಬೇರೆ ಕೆಲಸದವರಿಗೆ ಈ ಮಿತಿ ಇನ್ನೂ ಹೆಚ್ಚು. ಒಂದು ವರ್ಷದವರೆಗೆ ಕೊಡುತ್ತಾರೆ, ಮತ್ತೊಂದು ವರ್ಷ ಮುಂದುವರಿಸಬಹುದು.

ದುಬೈಗೆ ಒಂದು ವರ್ಷದ ವೀಸಾ ಇದೆ. ತಿಂಗಳಿಗೆ 3,500 ಡಾಲರ್ ಆದಾಯ ಕೇಳುತ್ತಾರೆ.

ಯೂರೋಪಿನಲ್ಲಿ ಪೋರ್ಚುಗಲ್‌ನ ಡಿ8 ವೀಸಾ 2022ರ ಅಕ್ಟೋಬರ್ ಕೊನೆಗೆ ಶುರುವಾಯಿತು. ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ಆದಾಯ ಇರಬೇಕು. ನಾನು ಅರ್ಜಿ ಹಾಕಿದ 2023ರಲ್ಲಿ ಅದು ತಿಂಗಳಿಗೆ 3,040 ಯೂರೋ ಇತ್ತು, 2025ಕ್ಕೆ 3,480 ಆಯಿತು. ಕನಿಷ್ಠ ವೇತನ ಏರಿದಂತೆ ಇದೂ ಏರುತ್ತದೆ, ಹಾಗಾಗಿ ಹಳೆಯ ವಿಡಿಯೊ ನೋಡಿ ಲೆಕ್ಕ ಹಾಕಬೇಡಿ. ಸ್ಪೇನ್‌ನಲ್ಲಿ ಕನಿಷ್ಠ ವೇತನದ ಎರಡು ಪಟ್ಟು ಸಾಕು. ಆದರೆ ನೀವು ಕೆಲಸ ಮಾಡುವ ಕಂಪನಿ ಶುರುವಾಗಿ ಒಂದು ವರ್ಷವಾದರೂ ಆಗಿರಬೇಕು, ನೀವು ಅದರ ಜೊತೆ ಮೂರು ತಿಂಗಳಾದರೂ ಕೆಲಸ ಮಾಡಿರಬೇಕು. ಎಸ್ಟೋನಿಯಾ ತಿಂಗಳಿಗೆ 4,500 ಯೂರೋ ಕೇಳುತ್ತದೆ. ಬೆಂಗಳೂರಿನ ಸಂಬಳಕ್ಕೆ ಅದು ದೂರದ ಮಾತು.

ಈ ಅಂಕಿಗಳು ಬದಲಾಗುತ್ತಲೇ ಇರುತ್ತವೆ. ಅರ್ಜಿ ಹಾಕುವ ವಾರ ಆ ದೇಶದ ರಾಯಭಾರ ಕಚೇರಿಯ ಪುಟವನ್ನು ತೆರೆದು ನೋಡಿ.

ಎಸ್ಟೋನಿಯಾದ ಇ-ರೆಸಿಡೆನ್ಸಿ ತೆಗೆದುಕೊಂಡರೆ ಅಲ್ಲಿಗೆ ಹೋಗಬಹುದಲ್ವಾ?

ಇಲ್ಲ. ಅದು ಆನ್‌ಲೈನ್‌ನಲ್ಲಿ ಕಂಪನಿ ತೆರೆಯಲು, ಸಹಿ ಹಾಕಲು ಕೊಡುವ ಗುರುತಿನ ಚೀಟಿ. ಅದರಿಂದ ವಾಸದ ಹಕ್ಕು ಬರುವುದಿಲ್ಲ, ವೀಸಾವೂ ಸಿಗುವುದಿಲ್ಲ.

ಹೊರಗೆ ಹೋದರೆ ಎನ್‌ಆರ್‌ಐ ಆಗುತ್ತೇನೆ, ಆಮೇಲೆ ಭಾರತದಲ್ಲಿ ತೆರಿಗೆ ಇಲ್ಲ ಅಲ್ವಾ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇಲ್ಲೇ.

ಆದಾಯ ತೆರಿಗೆ ನಿಮ್ಮ ಪಾಸ್‌ಪೋರ್ಟ್ ನೋಡುವುದಿಲ್ಲ, ದಿನ ಎಣಿಸುತ್ತದೆ. ಏಪ್ರಿಲ್ 1ರಿಂದ ಮಾರ್ಚ್ 31ರ ಒಳಗೆ ನೀವು 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದರೆ ಆ ವರ್ಷ ನಿವಾಸಿ, ಅಂದರೆ ಹೊರಗೆ ದುಡಿದದ್ದನ್ನೂ ಇಲ್ಲಿ ತೋರಿಸಬೇಕು. ಅಷ್ಟೇ ಅಲ್ಲ, ಆ ವರ್ಷ 60 ದಿನ ಇದ್ದು, ಹಿಂದಿನ ನಾಲ್ಕು ವರ್ಷ ಸೇರಿ 365 ದಿನ ಇದ್ದರೂ ನಿವಾಸಿಯೇ. ಹುಟ್ಟಿದಾಗಿನಿಂದ ಇಲ್ಲೇ ಇದ್ದವರಿಗೆ ಆ 365 ದಿನ ಹೇಗೂ ಆಗಿರುತ್ತದೆ. ಅಂದರೆ ಮೊದಲ ವರ್ಷ ಬರೀ 60 ದಿನ ಇಲ್ಲಿದ್ದರೂ ಸಿಕ್ಕಿಕೊಂಡಂತೆ. ಇದಕ್ಕೊಂದು ವಿನಾಯಿತಿ ಇದೆ: ಭಾರತದ ಪ್ರಜೆ ಉದ್ಯೋಗಕ್ಕಾಗಿ ಹೊರಗೆ ಹೋದ ವರ್ಷ ಆ 60ರ ಬದಲು 182 ಎಂದು ಎಣಿಸುತ್ತಾರೆ. ಹಾಗಾಗಿ ಹೊರಡುವವರು ಸೆಪ್ಟೆಂಬರ್ 28ರ ಒಳಗೆ ಹೊರಟು, ಆ ಮಾರ್ಚ್‌ವರೆಗೆ ವಾಪಸ್ ಬರದಿದ್ದರೆ ಲೆಕ್ಕ 181 ದಿನದೊಳಗೆ ನಿಲ್ಲುತ್ತದೆ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದರೂ ಈ ದಿನಗಳ ಲೆಕ್ಕ ಹಾಗೆಯೇ ಇದೆ.

ಆದರೆ ಮನೆಯಿಂದ ಕೆಲಸ ಮಾಡುವವರಿಗೆ ಇಲ್ಲೊಂದು ತೊಡಕಿದೆ. ಬೆಂಗಳೂರಿನ ಕಂಪನಿಯ ಕೆಲಸವನ್ನೇ ಹಿಡಿದುಕೊಂಡು ಥಾಯ್ಲೆಂಡ್‌ಗೆ ಹೋದರೆ ಅದು "ಉದ್ಯೋಗಕ್ಕಾಗಿ ಹೊರಗೆ ಹೋದದ್ದು" ಆಗುತ್ತದೆಯೇ? ಕೆಲಸ ಹುಡುಕಿಕೊಂಡು ಹೋಗಲಿಲ್ಲವಲ್ಲ, ಇದ್ದ ಕೆಲಸವನ್ನೇ ಹೊತ್ತುಕೊಂಡು ಹೋದಿರಿ. ಇಲಾಖೆ ಇದನ್ನು ಪ್ರಶ್ನಿಸಬಹುದು. ಹೊರಡುವ ಮುಂಚೆಯೇ ಆಡಿಟರ್ ಬಳಿ ನಿಮ್ಮ ಕಾಗದಗಳನ್ನು ಇಟ್ಟು ಬರವಣಿಗೆಯಲ್ಲಿ ಅಭಿಪ್ರಾಯ ತೆಗೆದುಕೊಳ್ಳಿ. ನಾನು ಅದಕ್ಕೆ ಕೊಟ್ಟ ಫೀಸ್ ಇಡೀ ಪ್ರಯಾಣದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು.

ಇನ್ನೊಂದು ಮಾತು. ಅನಿವಾಸಿಯಾದರೂ ಇಲ್ಲಿನ ಬಾಡಿಗೆ, ಬಡ್ಡಿ, ಷೇರು ಲಾಭಕ್ಕೆ ಇಲ್ಲಿ ತೆರಿಗೆ ಇದ್ದೇ ಇದೆ. ಸಂಬಳ ನೇರವಾಗಿ ಇಲ್ಲಿನ ಬ್ಯಾಂಕ್ ಖಾತೆಗೆ ಬಿದ್ದರೆ, ಅದನ್ನು ಭಾರತದಲ್ಲಿ ಪಡೆದ ಆದಾಯ ಎಂದು ಹೇಳುವ ದಾರಿಯೂ ಇಲಾಖೆಗೆ ಇದೆ.

ದುಬೈನಲ್ಲಿ ತೆರಿಗೆಯೇ ಇಲ್ಲ. ಅಲ್ಲಿಗೆ ಹೋದರೆ ಎರಡೂ ಕಡೆ ಉಳಿಯುತ್ತದಲ್ವಾ?

ಅಲ್ಲಿ ಸಂಬಳದ ಮೇಲೆ ತೆರಿಗೆ ಇಲ್ಲ, ನಿಜ. ಆದರೆ 2020ರಲ್ಲಿ ನಮ್ಮ ಸರ್ಕಾರ ಒಂದು ನಿಯಮ ತಂದಿದೆ. ಭಾರತದ ಪ್ರಜೆಗೆ ಭಾರತದ ಮೂಲದ ಆದಾಯ ವರ್ಷಕ್ಕೆ 15 ಲಕ್ಷ ಮೀರಿದ್ದು, ಬೇರೆ ಯಾವ ದೇಶದಲ್ಲೂ ವಾಸದ ಕಾರಣಕ್ಕೆ ತೆರಿಗೆ ಬೀಳದಿದ್ದರೆ ಅವರನ್ನು ಭಾರತದ ನಿವಾಸಿ ಎಂದೇ ಎಣಿಸಬಹುದು. ಬಾಡಿಗೆ, ಷೇರು ಜಾಸ್ತಿ ಇರುವವರು ಇದನ್ನು ನೋಡಿಕೊಳ್ಳಬೇಕು. ತೆರಿಗೆಯೊಂದನ್ನೇ ಉಳಿಸಲು ಊರು ಬಿಡುವುದಕ್ಕೆ ನಾನು ಯಾರಿಗೂ ಸಲಹೆ ಕೊಡುವುದಿಲ್ಲ. ದುಬೈ ಬಾಡಿಗೆ ಆ ಉಳಿತಾಯವನ್ನು ಬೇಗ ತಿಂದುಹಾಕುತ್ತದೆ.

ಎರಡು ದೇಶದಲ್ಲೂ ತೆರಿಗೆ ಕಟ್ಟಬೇಕಾಗುತ್ತದಾ?

ಹೆಚ್ಚಿನ ದೇಶಗಳ ಜೊತೆ ಭಾರತಕ್ಕೆ ಒಪ್ಪಂದವಿದೆ. ಪೋರ್ಚುಗಲ್, ಸ್ಪೇನ್, ಥಾಯ್ಲೆಂಡ್, ಮಲೇಷ್ಯಾ, ಯುಎಇ ಎಲ್ಲದರ ಜೊತೆಗೂ ಇದೆ. ಒಂದು ಕಡೆ ಕಟ್ಟಿದ್ದನ್ನು ಇನ್ನೊಂದು ಕಡೆ ಕಳೆಯಬಹುದು. ಆದರೆ ಅದು ತಾನಾಗಿ ಆಗುವುದಿಲ್ಲ. ಅಲ್ಲಿನ ತೆರಿಗೆ ಇಲಾಖೆಯಿಂದ ನಿವಾಸಿ ಪ್ರಮಾಣಪತ್ರ, ಕಟ್ಟಿದ ರಸೀದಿ ಎಲ್ಲ ಇಟ್ಟುಕೊಂಡಿರಬೇಕು. ಪೋರ್ಚುಗಲ್‌ನಲ್ಲಿ 183 ದಿನ ದಾಟಿದರೆ ನೀವು ಅಲ್ಲಿನ ತೆರಿಗೆ ನಿವಾಸಿ, ಮೇಲಿನ ಹಂತದ ದರ ಶೇ 48ರವರೆಗೆ ಇದೆ. ಹೊಸಬರಿಗೆ ಹತ್ತು ವರ್ಷ ರಿಯಾಯಿತಿ ಕೊಡುತ್ತಿದ್ದ ಹಳೆಯ ಯೋಜನೆ 2024ರಿಂದ ಹೊಸ ಅರ್ಜಿಗಳಿಗೆ ಮುಚ್ಚಿದೆ. ಯೂಟ್ಯೂಬ್‌ನಲ್ಲಿ ಈಗಲೂ ಅದನ್ನೇ ಹೇಳುತ್ತಿರುತ್ತಾರೆ.

ಥಾಯ್ಲೆಂಡ್ ಕೂಡ 2024ರಿಂದ ಬಿಗಿ ಮಾಡಿದೆ. ವರ್ಷದಲ್ಲಿ 180 ದಿನ ಅಲ್ಲಿದ್ದವರು ಹೊರಗಿನ ಆದಾಯವನ್ನು ಒಳಗೆ ತಂದರೆ ಅದಕ್ಕೆ ತೆರಿಗೆ ಬರುತ್ತದೆ.

ನಾನು ನೌಕರಿಯಲ್ಲಿಲ್ಲ, ಕಾಂಟ್ರಾಕ್ಟ್ ಮೇಲೆ ವಿದೇಶಿ ಕಂಪನಿಗೆ ಕೆಲಸ ಮಾಡುತ್ತೇನೆ. ನನಗೆ ಸುಲಭವಾ?

ಅನುಮತಿಯ ವಿಷಯದಲ್ಲಿ ಸುಲಭ. ಪೋರ್ಚುಗಲ್‌ಗೆ ಹೋಗುವಾಗ ನಾನೂ ಕಾಂಟ್ರಾಕ್ಟ್‌ಗೆ ಬದಲಾಗಿದ್ದೆ. ಆದರೆ ಕಳೆದುಕೊಳ್ಳುವುದೂ ಇದೆ. ಇಲ್ಲಿದ್ದಾಗ ಕೆಲವು ವೃತ್ತಿಗಳವರು ಬಂದ ಹಣದ ಅರ್ಧವನ್ನು ಲಾಭ ಎಂದು ತೋರಿಸಿ ಸರಳವಾಗಿ ತೆರಿಗೆ ಕಟ್ಟುವ ಅನುಕೂಲ ಇದೆಯಲ್ಲ, ಅದು ಭಾರತದ ನಿವಾಸಿಗಳಿಗೆ ಮಾತ್ರ. ಪೋರ್ಚುಗಲ್‌ನಲ್ಲಿ ಸ್ವಂತ ವೃತ್ತಿಯವರು ಸೇವೆಯ ಆದಾಯದ ಶೇ 70ರ ಮೇಲೆ ಶೇ 21.4 ಸಾಮಾಜಿಕ ಭದ್ರತೆಗೆ ಕಟ್ಟಬೇಕು. ಮೊದಲ 12 ತಿಂಗಳು ಮಾಫಿ. ಹದಿಮೂರನೇ ತಿಂಗಳು ಆ ಬಿಲ್ ಬಂದಾಗ ನನ್ನ ಬಜೆಟ್ ಏರುಪೇರಾಯಿತು. ಮೊದಲೇ ಗೊತ್ತಿದ್ದರೂ ಹಣ ಎತ್ತಿಟ್ಟಿರಲಿಲ್ಲ.

ಇಲ್ಲಿನ ಬ್ಯಾಂಕ್ ಖಾತೆ, ಪಿಪಿಎಫ್, ಜಮೀನು ಏನಾಗುತ್ತದೆ?

ಇದಕ್ಕೆ ಫೆಮಾ ಎಂಬ ಬೇರೆ ಕಾನೂನಿದೆ, ವಿದೇಶಿ ವಿನಿಮಯದ ಕಾಯ್ದೆ. ಅದರ ಲೆಕ್ಕ ಬೇರೆ. ಕೆಲಸಕ್ಕಾಗಿ ಅಥವಾ ಎಷ್ಟು ಕಾಲ ಎಂದು ಗೊತ್ತಿಲ್ಲದೆ ಇರಲು ಹೊರಟ ದಿನದಿಂದಲೇ ನೀವು ಅನಿವಾಸಿ. ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಯ ಇಲ್ಲಿನ ಆದಾಯಕ್ಕಿರುವ ಖಾತೆ ಮಾಡಿಸಬೇಕು. ಹೊರಗಿನ ಸಂಪಾದನೆ ಕಳಿಸಲು ಎನ್‌ಆರ್‌ಇ ತೆರೆದರೆ ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಪಿಪಿಎಫ್ ಹೊಸದಾಗಿ ತೆರೆಯಲು ಆಗುವುದಿಲ್ಲ, ಇರುವುದನ್ನು ಅವಧಿ ಮುಗಿಯುವವರೆಗೆ ನಡೆಸಬಹುದು.

ಜಮೀನಿನ ಬಗ್ಗೆ ನಮ್ಮ ಕಡೆಯವರು ಖಂಡಿತ ಕೇಳುತ್ತಾರೆ. ಕರ್ನಾಟಕದಲ್ಲಿ 2020ರಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಅನಿವಾಸಿಗೆ ಮಾತ್ರ ಫೆಮಾ ಅಡ್ಡ ಬರುತ್ತದೆ. ಹೊರಗಿರುವಾಗ ಗದ್ದೆ, ತೋಟ, ತೋಟದ ಮನೆ ಕೊಳ್ಳುವಂತಿಲ್ಲ. ಮೊದಲೇ ಇದ್ದದ್ದನ್ನು ಇಟ್ಟುಕೊಳ್ಳಬಹುದು, ಅಪ್ಪನಿಂದ ವಾರಸುದಾರಿಕೆಯಲ್ಲಿ ಬಂದರೂ ತೊಂದರೆ ಇಲ್ಲ. ಊರಿನಲ್ಲಿ ಒಂದೆರಡು ಎಕರೆ ಕೊಳ್ಳುವ ಮಾತುಕತೆ ನಡೆದಿದ್ದರೆ ಹೊರಡುವ ಮುಂಚೆಯೇ ನೋಂದಣಿ ಮುಗಿಸಿ.

ಬೆಂಗಳೂರಿನ ಮನೆ ಬಾಡಿಗೆಗೆ ಕೊಟ್ಟು ಹೋಗುವವರು ಬಾಡಿಗೆದಾರರಿಗೆ ಒಂದು ಮಾತು ಹೇಳಬೇಕು. ಮಾಲೀಕರು ಅನಿವಾಸಿಯಾದರೆ ಬಾಡಿಗೆದಾರರೇ ಬಾಡಿಗೆಯಲ್ಲಿ ಶೇ 30 ತೆರಿಗೆ, ಮೇಲೆ ಸೆಸ್ ಸೇರಿಸಿ ಮುರಿದುಕೊಂಡು ಕಟ್ಟಬೇಕು. ಇದು ಗೊತ್ತಿಲ್ಲದೆ ಆಮೇಲೆ ಜಗಳವಾದ ಮನೆಗಳನ್ನು ನೋಡಿದ್ದೇನೆ. ನಿಮ್ಮ ಪರವಾಗಿ ಯಾರಾದರೂ ಸಹಿ ಹಾಕಬೇಕಿದ್ದರೆ ಜಿಪಿಎ ಎಂಬ ಅಧಿಕಾರಪತ್ರವನ್ನು ಇಲ್ಲಿರುವಾಗಲೇ ಮಾಡಿ. ಅಲ್ಲಿಂದ ಮಾಡಿದರೆ ಭಾರತೀಯ ರಾಯಭಾರ ಕಚೇರಿಗೆ ಹೋಗಿ ದೃಢೀಕರಿಸಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಖರ್ಚು ಎಷ್ಟು ಬರುತ್ತದೆ? ಏನಾದರೂ ಉಳಿಯುತ್ತದಾ?

ಬ್ರಾಗಾದಲ್ಲಿ ಒಂದು ಮಲಗುವ ಕೋಣೆಯ ಮನೆಗೆ ನಾವು 780 ಯೂರೋ ಕೊಟ್ಟೆವು. ಆಗಿನ ದರದಲ್ಲಿ ಹತ್ತಿರ ಹತ್ತಿರ 70 ಸಾವಿರ ರೂಪಾಯಿ. ಮೂರು ತಿಂಗಳ ಬಾಡಿಗೆ ಮುಂಗಡ ಕೇಳಿದರು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರಿಗೆ ಇದು ದೊಡ್ಡದಲ್ಲ. ಆದರೆ ಇಲ್ಲಿನ ಅಡ್ವಾನ್ಸ್ ಬಿಡಿಸಿಕೊಳ್ಳುವ ಮುಂಚೆ ಅಲ್ಲಿನದು ಕೊಡಬೇಕಾಗುತ್ತದೆ, ಕೈಯಲ್ಲಿ ಹಣ ಇರಬೇಕು. ದಿನಸಿ, ತರಕಾರಿ ನಾನು ಹೆದರಿದಷ್ಟು ದುಬಾರಿ ಇರಲಿಲ್ಲ. ಮನೆಗೆಲಸದವರು ಇರುವುದಿಲ್ಲ, ಪ್ಲಂಬರ್ ಕರೆದರೆ ಕೈ ಸುಡುತ್ತದೆ.

ಲೆಕ್ಕಕ್ಕೆ ಬಾರದ ಖರ್ಚೆಂದರೆ ಚಳಿ. ಪೋರ್ಚುಗಲ್ ಬೆಚ್ಚಗಿನ ದೇಶ ಎಂದು ಹೋಗಿದ್ದೆ. ಅಲ್ಲಿನ ಹಳೆಯ ಮನೆಗಳಲ್ಲಿ ಹೀಟರ್ ವ್ಯವಸ್ಥೆ ಇರುವುದಿಲ್ಲ. ಬ್ರಾಗಾದಲ್ಲಿ ಮಳೆ ಬೀಳುವುದೂ ಚಳಿಗಾಲದಲ್ಲೇ. ಮಳೆ ನನಗೆ ಹೊಸದಲ್ಲ, ಆದರೆ ಸಾಗರದ ಮಳೆಯಲ್ಲಿ ಬಚ್ಚಲ ಒಲೆ ಉರಿಯುತ್ತಿರುತ್ತದೆ. ಅಲ್ಲಿ ಗೋಡೆಗೆ ಬೂಷ್ಟು, ಬಟ್ಟೆ ಒಣಗದೆ ವಾಸನೆ, ಮೈಗೆ ಎರಡು ಸ್ವೆಟರ್. ಜನವರಿಯ ಕರೆಂಟ್ ಬಿಲ್ ಬಂದ ದಿನ ಇಬ್ಬರೂ ಸುಮ್ಮನೆ ಕೂತೆವು.

ಒಟ್ಟು ನೋಡಿದರೆ ಬೆಂಗಳೂರಿನಲ್ಲಿ ಉಳಿಸುತ್ತಿದ್ದುದರ ಅರ್ಧದಷ್ಟೂ ಉಳಿಯಲಿಲ್ಲ. ನೀವು ಉಳಿತಾಯಕ್ಕೆಂದೇ ಹೋಗುವುದಾದರೆ ಈ ದಾರಿ ಬೇಡ. ರೂಪಾಯಿ ಸಂಬಳದಲ್ಲಿ ಯೂರೋ ಖರ್ಚು ಮಾಡುವುದಾದರೆ ಬೇಡವೇ ಬೇಡ.

ಸಮಯದ ವ್ಯತ್ಯಾಸ ಹೇಗೆ ಹೊಂದಿಸುವುದು?

ಹೋಗಲು ಒಳ್ಳೆಯ ಕಾರಣ ಯಾವುದು ಎಂದು ಕೇಳಿದರೆ ಕೆಲವರಿಗೆ ನಾನು ಇದನ್ನೇ ಹೇಳುತ್ತೇನೆ. ನ್ಯೂಯಾರ್ಕ್ ಕಂಪನಿಗೆ ಅವರ ಹೊತ್ತಿನಲ್ಲೇ ಕೆಲಸ ಮಾಡುವವರು ಬೆಂಗಳೂರಿನಲ್ಲಿ ಚಳಿಗಾಲದಲ್ಲಿ ಸಂಜೆ 7.30ಕ್ಕೆ ಕೂತು ಬೆಳಗಿನ ಜಾವ 3.30ಕ್ಕೆ ಏಳುತ್ತಾರೆ. ಅದೇ ಕೆಲಸ ಲಿಸ್ಬನ್‌ನಲ್ಲಿ ಮಧ್ಯಾಹ್ನ 2ರಿಂದ ರಾತ್ರಿ 10. ವರ್ಷಗಟ್ಟಲೆ ರಾತ್ರಿ ನಿದ್ದೆಗೆಟ್ಟವರಿಗೆ ಇದು ಮರುಜನ್ಮ. ಥಾಯ್ಲೆಂಡ್‌ಗೆ ಹೋದರೆ ಅದೇ ಕೆಲಸ ರಾತ್ರಿ 9ರಿಂದ ಬೆಳಿಗ್ಗೆ 5. ಇನ್ನೂ ಕಷ್ಟ.

ಬೆಂಗಳೂರಿನ ತಂಡದ ಜೊತೆ ಕೆಲಸ ಮಾಡುವವರಿಗೆ ಇದು ತಿರುಗುಮುರುಗು. ಇಲ್ಲಿನ ಬೆಳಿಗ್ಗೆ 9.30ರ ಮೀಟಿಂಗ್ ಲಿಸ್ಬನ್‌ನ ಚಳಿಗಾಲದಲ್ಲಿ ನಸುಕಿನ 4 ಗಂಟೆ. ಬ್ಯಾಂಕಾಕ್‌ನಲ್ಲಿ 11, ದುಬೈನಲ್ಲಿ 8. ಭೂಪಟ ನೋಡುವ ಮುಂಚೆ ಗಡಿಯಾರ ನೋಡಿ.

ಅಪ್ಪ-ಅಮ್ಮನಿಗೆ ವಯಸ್ಸಾಗಿದೆ. ಹೋಗಬಹುದಾ?

ಇದಕ್ಕೆ ಬೇರೆಯವರು ಉತ್ತರ ಕೊಡಲು ಬರುವುದಿಲ್ಲ. ನನ್ನ ಅನುಭವ ಹೇಳುತ್ತೇನೆ.

2024ರ ಜುಲೈ. ಪಾಚಿ ಕಟ್ಟಿದ ಅಂಗಳದಲ್ಲಿ ಅಪ್ಪ ಜಾರಿ ಬಿದ್ದರು, ಸೊಂಟದ ಮೂಳೆ ಮುರಿಯಿತು. ಪಕ್ಕದ ಮನೆಯ ಮಾವ ಕಾರಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಅಮ್ಮ ನನಗೆ ಫೋನ್ ಮಾಡಿದ್ದು ಆಪರೇಷನ್ ನಿಗದಿಯಾದ ಮೇಲೆ. "ನೀನು ಅಷ್ಟು ದೂರದಿಂದ ಗಾಬರಿಯಾಗಿ ಏನು ಮಾಡ್ತೀಯ ಅಂತ ಹೇಳಲಿಲ್ಲ" ಎಂದರು. ಬ್ರಾಗಾದಿಂದ ಬಸ್ಸಿನಲ್ಲಿ ಪೋರ್ಟೊ, ನಡುವೆ ಎರಡು ವಿಮಾನ ಬದಲಿಸಿ ಬೆಂಗಳೂರು, ಅಲ್ಲಿಂದ ತಾಳಗುಪ್ಪದ ರಾತ್ರಿ ರೈಲು ಹಿಡಿದು ಶಿವಮೊಗ್ಗ. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಹೊರಟು 38 ಗಂಟೆಯಾಗಿತ್ತು. ಆಪರೇಷನ್ ಮುಗಿದಿತ್ತು. ಅಪ್ಪ ಈಗ ಕೋಲು ಹಿಡಿದು ತೋಟಕ್ಕೆ ಹೋಗುತ್ತಾರೆ.

ಆ 38 ಗಂಟೆಯನ್ನು ನೀವು ಮೊದಲೇ ಲೆಕ್ಕ ಹಾಕಿ. ನಿಮ್ಮ ಮನೆಯ ಬಾಗಿಲಿನಿಂದ ಅವರ ಮನೆಯ ಬಾಗಿಲಿಗೆ ಎಷ್ಟು ಹೊತ್ತು? ಕೊನೆಯ ಗಳಿಗೆಯ ಟಿಕೆಟ್‌ಗೆ ಎಷ್ಟು ಹಣ? ಆ ಹಣವನ್ನು ಬೇರೆ ಎತ್ತಿಡಿ, ಮುಟ್ಟಬೇಡಿ. ಕ್ವಾಲಾಲಂಪುರ, ಬ್ಯಾಂಕಾಕ್, ದುಬೈಗೆ ಬೆಂಗಳೂರಿನಿಂದ ನೇರ ವಿಮಾನಗಳಿವೆ, ಸುಮಾರು ನಾಲ್ಕು ಗಂಟೆಯ ಹಾದಿ. ಅಪ್ಪ-ಅಮ್ಮ ಇಬ್ಬರೇ ಇರುವ ಮನೆಯವರಿಗೆ ನಾನು ಆ ಊರುಗಳನ್ನೇ ಮೊದಲು ಹೇಳುತ್ತೇನೆ. ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಬಹುದಾದ ಒಬ್ಬರು ಊರಿನಲ್ಲಿದ್ದಾರೆಯೇ ಎಂದು ನೋಡಿ. ಅವರ ಹತ್ತಿರ ಕೂತು ಮಾತಾಡಿ, ಆಸ್ಪತ್ರೆಯ ವಿಮೆಯ ಕಾರ್ಡ್ ಎಲ್ಲಿದೆ ಎಂದು ತೋರಿಸಿ ಬನ್ನಿ.

ಗಂಡ ಅಥವಾ ಹೆಂಡತಿಯ ಕೆಲಸ? ಮಕ್ಕಳ ಶಾಲೆ?

ವೀಸಾ ಒಬ್ಬರ ಹೆಸರಿನಲ್ಲಿರುತ್ತದೆ, ಇನ್ನೊಬ್ಬರು ಅವಲಂಬಿತರು. ಅವಲಂಬಿತರಿಗೆ ಅಲ್ಲಿ ಕೆಲಸ ಮಾಡುವ ಹಕ್ಕು ಒಂದೊಂದು ದೇಶದಲ್ಲಿ ಒಂದೊಂದು ಥರ. ಇದನ್ನು ಮೊದಲು ಓದಿ. ನನ್ನ ಗಂಡ ಒಂದು ವರ್ಷ ಕೆಲಸ ಬಿಟ್ಟು ಬಂದರು. ಮೊದಲ ಮೂರು ತಿಂಗಳು ಖುಷಿಯಲ್ಲಿದ್ದರು, ಆಮೇಲೆ ಮಾತು ಕಡಿಮೆಯಾಯಿತು. ನಾನು ಮೀಟಿಂಗ್‌ಗಳಲ್ಲಿ ಮುಳುಗಿರುವಾಗ ಅವರ ದಿನ ಹೇಗೆ ಹೋಗುತ್ತದೆ ಎಂದು ನಾವು ಹೊರಡುವ ಮುಂಚೆ ಮಾತೇ ಆಡಿರಲಿಲ್ಲ.

ನಮಗೆ ಮಕ್ಕಳಿಲ್ಲ. ಮಕ್ಕಳಿರುವ ಗೆಳತಿಯರು ಹೇಳುವ ಪ್ರಕಾರ ಆರು ವರ್ಷದೊಳಗಿನ ಮಗುವನ್ನು ಕರೆದುಕೊಂಡು ಹೋಗುವುದು ಸುಲಭ. ಒಂಬತ್ತು, ಹತ್ತನೇ ತರಗತಿಯ ಮಕ್ಕಳನ್ನು ಒಂದೆರಡು ವರ್ಷಕ್ಕೆಂದು ಕಿತ್ತು ನೆಡಬೇಡಿ.

ಊಟ, ಭಾಷೆ, ಒಂಟಿತನ?

ಊಟದ ಚಿಂತೆ ಬಿಡಿ. ಪೆನಾಂಗ್‌ನ ಜಾರ್ಜ್‌ಟೌನ್‌ನಲ್ಲಿ ಬಾಳೆಎಲೆ ಊಟ ಸಿಗುತ್ತದೆ. ಪೋರ್ಚುಗೀಸರು ಯೂರೋಪಿನಲ್ಲೇ ಅತಿ ಹೆಚ್ಚು ಅನ್ನ ತಿನ್ನುವ ಜನ. ಲಿಸ್ಬನ್‌ನ ಮಾರ್ತಿಂ ಮೊನೀಜ್ ಸುತ್ತ ಭಾರತದ ದಿನಸಿ ಅಂಗಡಿಗಳಿವೆ. ಸಾರಿನ ಪುಡಿಯೊಂದನ್ನು ಊರಿನಿಂದ ಒಯ್ದರೆ ಸಾಕು.

ಭಾಷೆ ಕಲಿಯುವಾಗ ಒಂದು ಸಂತೋಷ ಕಾದಿತ್ತು. ಮೇಜು, ಚಾವಿ, ಪಗಾರ, ಬಟಾಟೆ. ನಾವು ದಿನಾ ಆಡುವ ಈ ಮಾತುಗಳು ಪೋರ್ಚುಗೀಸರಿಂದ ಬಂದವು. ಮನೆ ಮಾಲಕಿ ಬೀಗದ ಕೈ ಕೊಡುತ್ತಾ "ಶಾವ್" ಎಂದಾಗ ನನಗೆ ಅಜ್ಜಿಯ "ಚಾವಿ" ಕೇಳಿಸಿತು. ಆ ದಿನ ಊರು ಸ್ವಲ್ಪ ಹತ್ತಿರ ಬಂದ ಹಾಗಾಯಿತು.

ಒಂಟಿತನ ಮಾತ್ರ ನಿಜ. ಆಫೀಸ್‌ಗೆ ಹೋಗುವವರಿಗೆ ಅಲ್ಲಿ ನಾಲ್ಕು ಜನ ಸಿಗುತ್ತಾರೆ. ಮನೆಯಲ್ಲೇ ಕೂತು ಕೆಲಸ ಮಾಡುವವರಿಗೆ ಹೊಸ ಊರಿನಲ್ಲಿ ಯಾರೂ ತಾನಾಗಿ ಸಿಗುವುದಿಲ್ಲ. ನಾನು ವಾರಕ್ಕೆರಡು ಸಲ ಭಾಷೆಯ ತರಗತಿಗೆ ಹೋಗಲು ಶುರು ಮಾಡಿದ ಮೇಲೆಯೇ ಹೆಸರು ಹಿಡಿದು ಕರೆಯುವ ಜನ ಸಿಕ್ಕಿದ್ದು. ಆಗ ಐದನೇ ತಿಂಗಳು. ಮೊದಲ ವಾರದಲ್ಲೇ ಸೇರಬೇಕಿತ್ತು.

ಕಾಗದಪತ್ರಕ್ಕೆ ಎಷ್ಟು ಸಮಯ ಬೇಕು?

ಯೂರೋಪಿಗೆ ಆರು ತಿಂಗಳು ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್ ಬೇಕು. ಡಿಗ್ರಿ, ಮದುವೆ ಪ್ರಮಾಣಪತ್ರಕ್ಕೆ ಮೊದಲು ರಾಜ್ಯದಲ್ಲಿ ದೃಢೀಕರಣ, ಆಮೇಲೆ ವಿದೇಶಾಂಗ ಇಲಾಖೆಯ ಅಪೊಸ್ಟಿಲ್, ಅಂದರೆ ದಾಖಲೆ ಅಸಲಿ ಎಂದು ಹೊರದೇಶಗಳು ಒಪ್ಪುವ ಮುದ್ರೆ. ಮದುವೆ ನೋಂದಣಿ ಮಾಡಿಸದವರು ಅದರಿಂದಲೇ ಶುರು ಮಾಡಿ, ಕಲ್ಯಾಣಮಂಟಪದ ರಸೀದಿ, ಲಗ್ನಪತ್ರಿಕೆ ಅಲ್ಲಿ ನಡೆಯುವುದಿಲ್ಲ. ಹೆಸರಿನ ಇನಿಷಿಯಲ್ ಎಲ್ಲ ದಾಖಲೆಯಲ್ಲೂ ಒಂದೇ ಥರ ಇದೆಯೇ ನೋಡಿ. ಮಾರ್ಕ್ಸ್ ಕಾರ್ಡ್‌ನಲ್ಲಿ ಒಂದು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ಇರುವುದು ನಮ್ಮ ಕಡೆ ಮಾಮೂಲಿ.

ಹೋಗುವ ಮುಂಚೆ ಪರೀಕ್ಷೆ ಮಾಡಿ ನೋಡುವ ದಾರಿ ಇದೆಯಾ?

ಇದೆ. ಮೂರು ತಿಂಗಳು ನಿಮಗೆ ಯಾರೂ ಗೊತ್ತಿಲ್ಲದ ಭಾರತದ ಇನ್ನೊಂದು ಊರಿಗೆ ಹೋಗಿ ಕೆಲಸ ಮಾಡಿ. ಪುದುಚೇರಿ, ಪುಣೆ, ಡೆಹ್ರಾಡೂನ್, ಯಾವುದಾದರೂ ಸರಿ. ವೀಸಾ ಬೇಡ, ತೆರಿಗೆ ಬದಲಾಗುವುದಿಲ್ಲ. ಸಂಜೆ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ನಿಮಗೆ ಹೇಗನಿಸುತ್ತದೆ ಎಂದು ನೋಡಿ. ಸಮಯದ ವ್ಯತ್ಯಾಸವನ್ನೂ ಇಲ್ಲೇ ಪರೀಕ್ಷಿಸಬಹುದು: ಎರಡು ವಾರ ಆ ದೇಶದ ಗಡಿಯಾರದಂತೆ ಎದ್ದು ಮಲಗಿ. ನನ್ನ ಚಿಕ್ಕಮ್ಮನ ಮಗ ಹೀಗೆ ಮಾಡಿ ಮೈಸೂರಿನಲ್ಲೇ ಉಳಿದ. ಅವನಿಗೆ ಬೇಕಿದ್ದದ್ದು ಬೆಂಗಳೂರಿನ ಟ್ರಾಫಿಕ್‌ನಿಂದ ಬಿಡುಗಡೆ, ಅದಕ್ಕೆ ಮೈಸೂರು ಸಾಕಾಯಿತು.

ಯಾರು ಈಗ ಹೋಗದಿರುವುದು ಒಳ್ಳೆಯದು?

ಆರು ತಿಂಗಳ ಖರ್ಚು ಕೈಯಲ್ಲಿ ಇಲ್ಲದವರು. ಗೃಹಸಾಲದ ಕಂತಿಗೇ ಸಂಬಳದ ಅರ್ಧ ಹೋಗುವವರು. ಕೆಲಸ ಸೇರಿ ಒಂದೆರಡು ವರ್ಷವಾಗಿ, ಇನ್ನೂ ಪಕ್ಕದಲ್ಲಿ ಕೂತು ಹೇಳಿಕೊಡುವ ಹಿರಿಯರು ಬೇಕಾಗಿರುವವರು. ಕೆಲಸ ಹೋದರೆ ವೀಸಾವೂ ಹೋಗುತ್ತದೆ ಎಂಬ ಭಯದಲ್ಲಿ ನಿದ್ದೆ ಬಾರದವರು. ಇವರಿಗೆಲ್ಲ "ಎಂದಿಗೂ ಬೇಡ" ಎನ್ನುತ್ತಿಲ್ಲ, ಈ ವರ್ಷ ಬೇಡ.

ವಾಪಸ್ ಬರಬೇಕಾದರೆ ಏನು ಮಾಡಬೇಕು?

ನಾವು 2024ರ ಸೆಪ್ಟೆಂಬರ್ ಮಧ್ಯದಲ್ಲಿ ಬಂದೆವು. ಅಲ್ಲಿಂದ ಮಾರ್ಚ್‌ವರೆಗೆ 182 ದಿನ ದಾಟಿತು, ಹಾಗಾಗಿ ಆ ಇಡೀ ವರ್ಷಕ್ಕೆ ನಾನು ಭಾರತದ ನಿವಾಸಿ. ಏಪ್ರಿಲ್‌ನಿಂದ ಅಲ್ಲಿ ದುಡಿದದ್ದನ್ನೂ ಇಲ್ಲಿ ತೋರಿಸಿ, ಅಲ್ಲಿ ಕಟ್ಟಿದ ತೆರಿಗೆ ಕಳೆಯಲು ಫಾರ್ಮ್ 67 ಹಾಕಬೇಕಾಯಿತು. ಸ್ವಲ್ಪ ತಡವಾಗಿ ಬಂದಿದ್ದರೂ ಅಷ್ಟೇ. ಖಾಯಂ ಆಗಿ ವಾಪಸ್ ಬರುವವರಿಗೆ 60 ದಿನದ ನಿಯಮವೇ ಹಿಡಿಯುತ್ತದೆ.

ಅಲ್ಲಿನ ಬ್ಯಾಂಕ್ ಖಾತೆಯಲ್ಲಿ ನೂರು ಯೂರೋ ಇದ್ದರೂ ಇಲ್ಲಿನ ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಬರೆಯಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡದ ಮಾತಿದೆ. 2024ರ ಅಕ್ಟೋಬರ್‌ನಿಂದ ಮನೆ-ಜಮೀನು ಬಿಟ್ಟು ಉಳಿದ ಆಸ್ತಿ ಒಟ್ಟು 20 ಲಕ್ಷದವರೆಗೆ ಇದ್ದರೆ ಆ ದಂಡದಿಂದ ಬಿಟ್ಟಿದ್ದಾರೆ. ಹಾಗೆಂದು ಬರೆಯದೆ ಬಿಡಬೇಡಿ. ಎನ್‌ಆರ್‌ಒ, ಎನ್‌ಆರ್‌ಇ ಖಾತೆಗಳನ್ನು ಮತ್ತೆ ಮಾಮೂಲಿ ಖಾತೆ ಮಾಡಿಸಿ.

ಅಲ್ಲಿಂದ ಹೊರಡುವ ಮುಂಚೆ ಮನೆಯ ಮುಂಗಡ ವಾಪಸ್ ಬರುವವರೆಗೆ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ, ಅಲ್ಲಿನ ಫೋನ್ ನಂಬರ್ ಬಿಡಬೇಡಿ. ತೆರಿಗೆ ಇಲಾಖೆಗೆ ವಿಳಾಸ ಬದಲಾಯಿತು ಎಂದು ತಿಳಿಸಿ. ನಾನು ಮೊಬೈಲ್ ಸಿಮ್ ಮೊದಲು ರದ್ದು ಮಾಡಿದೆ. ಬ್ಯಾಂಕಿನ ಓಟಿಪಿ ಆ ನಂಬರ್‌ಗೇ ಬರುತ್ತಿತ್ತು. ಅದನ್ನು ಸರಿಪಡಿಸಲು ಸಾಗರದಿಂದ ನಾಲ್ಕು ತಿಂಗಳು ಪತ್ರ ಬರೆದೆ.